ಒಂದೇ ಕಾರು, ಎರಡು ವರ್ಷದ ಪುಸ್ತಕ: 1968ರ ಜಿಟಿಒ ರಿಪೇರಿ ಡೈರಿ

ಮಿಶಿಗನ್ನಿನ ಟ್ರಾಯ್‌ನಲ್ಲಿರುವ ನಮ್ಮ ಮನೆಯ ಗ್ಯಾರೇಜಿಗೆ 1968ರ ಪಾಂಟಿಯಾಕ್ ಜಿಟಿಒ ಬಂದು ಎಂಟು ತಿಂಗಳಾಯಿತು. ಈಗ ಓಡುತ್ತದೆ, ಹಾಕಿದ ಬ್ರೇಕಿಗೆ ನಿಲ್ಲುತ್ತದೆ, ಎರಡೂ ಕಣ್ಣು ಬಿಡುತ್ತದೆ. ಡ್ರೈವರ್ ಕಡೆಯ ಕಿಟಕಿ ಗಾಜು ಮಾತ್ರ ಪೂರ್ತಿ ಏರದೆ ಮುಷ್ಕರ ಹೂಡಿದೆ. ಇಲ್ಲಿ ಬರೆದಿಡುತ್ತಿರುವುದು ಬಿಚ್ಚಿ ಜೋಡಿಸಿದ್ದಕ್ಕಿಂತ ಹೆಚ್ಚಾಗಿ ಯಾವ ಪುಸ್ತಕ ನೋಡಿ ಬಿಚ್ಚಬೇಕು ಅಂತ ಪರದಾಡಿದ್ದನ್ನು. ಪುಸ್ತಕ, ಕಾಗದಪತ್ರಗಳಿಗೇ 400 ಡಾಲರಿಗೆ ಸ್ವಲ್ಪ ಕಡಿಮೆ ಖರ್ಚಾಗಿದೆ. ಅದರಲ್ಲಿ ಮೊದಲ 98 ಡಾಲರ್ ಹೊಳೆಗೆ ಹಾಕಿದ ಹುಣಸೆಹಣ್ಣು. ತಪ್ಪು ಪುಟ ನಂಬಿ ತರಿಸಿದ ಬಿಡಿಭಾಗಗಳ ಲೆಕ್ಕ ಬೇರೆ.

ನಾನು ಮೆಕ್ಯಾನಿಕ್ ಅಲ್ಲ. ಸಕಲೇಶಪುರದಲ್ಲಿ ಅಪ್ಪನದು ಜೀಪ್ ಗ್ಯಾರೇಜು ಇತ್ತು; ಎಸ್ಟೇಟ್ ಜೀಪುಗಳೇ ಗಿರಾಕಿ. ಶಾಲೆ ಬಿಟ್ಟ ಮೇಲೆ ನಟ್ಟು ಬೋಲ್ಟು ಸೀಮೆಎಣ್ಣೆಯಲ್ಲಿ ತೊಳೆದುಕೊಡುವುದು ನನ್ನ ಕೆಲಸ. ಅಲ್ಲಿ ಇದ್ದದ್ದು ಒಂದೇ ಪುಸ್ತಕ. ರಟ್ಟು ಹೋಗಿತ್ತು, ಅಪ್ಪ ಅದಕ್ಕೆ ಹಳೇ ಸೀಟಿನ ರೆಕ್ಸಿನ್ ಹೊಲಿಸಿದ್ದರು. ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೇ. ಬಿಡಿಬಿಡಿಯಾಗಿ ಹರವಿ ಬರೆದ ಗೇರ್‌ಬಾಕ್ಸ್ ಚಿತ್ರದ ಮೇಲೆ ಬೆರಳಿಟ್ಟು, ಒಂದೊಂದೇ ವಾಷರ್ ಎಣಿಸಿ, ಬೆಂಚಿನ ಮೇಲೆ ಅದೇ ಸಾಲಿನಲ್ಲಿ ಇಡುತ್ತಿದ್ದರು. ಒಂದು ಗ್ಯಾರೇಜಿಗೆ ಒಂದು ಪುಸ್ತಕ ಸಾಕು ಅನ್ನುವ ಭ್ರಮೆ ನನಗೆ ಅಂಟಿದ್ದು ಅಲ್ಲಿಂದಲೇ ಇರಬೇಕು.

ಮಾರ್ಚ್ 22: ಕಾರು ಬಂತು

ಬೆಲೆ 14,500 ಡಾಲರ್, ಟ್ರೇಲರ್ ಬಾಡಿಗೆ 180. ಎರಡು ಬಾಗಿಲಿನ ಹಾರ್ಡ್‌ಟಾಪ್, ಆಟೋಮ್ಯಾಟಿಕ್, ಕೆಂಪು ಬಣ್ಣ. ಸ್ಟಾರ್ಟ್ ಆಗುತ್ತಿರಲಿಲ್ಲ. ಮಾರಿದವರು ಬಾನೆಟ್ ಎತ್ತಿ, ಎಂಜಿನ್ ಬ್ಲಾಕಿನ ಮುಂಭಾಗದಲ್ಲಿ ಬಲಗಡೆ ಗುದ್ದಿದ್ದ ಎರಡಕ್ಷರ ತೋರಿಸಿದರು: ವೈಎಸ್. 1968ರ ಜಿಟಿಒದಲ್ಲಿ 400 ಘನ ಇಂಚಿನ, 350 ಅಶ್ವಶಕ್ತಿಯ ಎಂಜಿನ್ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಜೊತೆ ಬಂದರೆ ಅದಕ್ಕೆ ಇದೇ ಗುರುತು. ಫೋನಿನಲ್ಲಿ ಹುಡುಕಿ ನೋಡಿದೆ, ಸರಿಯಾಗಿತ್ತು. ‘ಹುಟ್ಟಿದಾಗಿನ ಎಂಜಿನ್’ ಅಂದರು, ನಂಬಿದೆ. ಈ ಸಾಲನ್ನು ನೆನಪಿಟ್ಟುಕೊಳ್ಳಿ.

ಗಾಜಿನಾಚೆಯಿಂದಲೇ ಕಾಣುವ ಚಾಸಿ ನಂಬರ್ ತಗಡು 242378 ಅಂತ ಶುರುವಾಗಿ, ಆಮೇಲೆ ಪಿ ಅಕ್ಷರ. 2 ಅಂದರೆ ಪಾಂಟಿಯಾಕ್, 42 ಜಿಟಿಒ, 37 ಎರಡು ಬಾಗಿಲಿನ ಹಾರ್ಡ್‌ಟಾಪ್, 8 ಅಂದರೆ 1968, ಪಿ ಅಂದರೆ ಪಾಂಟಿಯಾಕ್ ಊರಿನ ಕಾರ್ಖಾನೆ. ನಮ್ಮ ಮನೆಯಿಂದ ಅರ್ಧ ಗಂಟೆ ದಾರಿಯ ಊರು. ಆ ವರ್ಷ 87,684 ಜಿಟಿಒ ತಯಾರಾಗಿದ್ದವು, ಹಾಗಾಗಿ ಇದೇನೂ ಅಪರೂಪದ ರತ್ನವಲ್ಲ.

ಡಿಕ್ಕಿಯಲ್ಲಿ ಒಂದು ಪೆಟ್ಟಿಗೆ: ಹಳೆ ಬಿಲ್ಲುಗಳು, ಯಾವುದಕ್ಕೂ ಸೇರದ ಎರಡು ಕೀಲಿಕೈ, ಇಲಿ ಕಡಿದ ಒಂದು ಕೈಗವಸು. ಪುಸ್ತಕ ಒಂದೂ ಇಲ್ಲ.

ಏಪ್ರಿಲ್ 5 ಮತ್ತು 6: ಡೆಲ್ಕೋ ಪ್ರಕರಣ

ಫೇರ್‌ಗ್ರೌಂಡಿನ ಸ್ವಾಪ್ ಮೀಟ್‌ನಲ್ಲಿ (ಹಳೆ ಕಾರಿನ ಸಾಮಾನುಗಳ ಸಂತೆ) 15 ಡಾಲರಿಗೆ ದಪ್ಪ ಪುಸ್ತಕವೊಂದು ಸಿಕ್ಕಿತು. ಆ ದಶಕದ ಅಮೆರಿಕನ್ ಕಾರುಗಳೆಲ್ಲ ಅದರೊಳಗೆ. ಮನೆಗೆ ತಂದು ಬಿಡಿಸಿದರೆ ಪಾಂಟಿಯಾಕ್ ಭಾಗದ ಹಾಳೆಗಳೇ ಇಲ್ಲ! ಯಾರೋ ಪುಣ್ಯಾತ್ಮ ತನ್ನ ಗ್ಯಾರೇಜಿನ ಗೋಡೆಗೆ ಅಂಟಿಸಿಕೊಂಡಿರಬೇಕು. ಪಕ್ಕದ ಮನೆಯ ಅಜ್ಜ ಬೇಲಿಯಾಚೆಯಿಂದ, ‘ಷೆವ್ರೊಲೆಟ್ ಪುಟ ನೋಡು, ಎಲ್ಲಾ ಜಿಎಂ ಒಂದೇ’ ಅಂದರು. ಪಾಂಟಿಯಾಕ್, ಷೆವ್ರೊಲೆಟ್ ಎರಡೂ ಜನರಲ್ ಮೋಟರ್ಸ್, ಅಂದರೆ ಜಿಎಂ, ಕಂಪನಿಯವೇ. ನನಗೂ ಹಾಗೇ ಕಂಡಿತು.

ಹಳೆ ಪ್ಲಗ್ ವೈರ್ ಒಡೆದಿದ್ದವು. ಎಂಟನ್ನೂ ಒಟ್ಟಿಗೆ ಕಿತ್ತು ಬಿಸಾಡಿದೆ (ಮೊದಲು ಫೋಟೊ ತೆಗೆಯಲಿಲ್ಲ, ಇದು ಆ ದಿನದ ಮೊದಲ ಪೆದ್ದತನ). ಪುಸ್ತಕದಲ್ಲಿ ಷೆವ್ರೊಲೆಟ್ ವಿ8 ಎಂಜಿನ್ನಿನ ಎಂಟು ಸಿಲಿಂಡರ್ ಉರಿಯುವ ಸರದಿ 1-8-4-3-6-5-7-2 ಅಂತಿತ್ತು. ಪಾಂಟಿಯಾಕ್‌ದೂ ಅದೇ 1-8-4-3-6-5-7-2. ಇನ್ನೇನು ಬೇಕು? ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಸಾಧನ) ಮುಚ್ಚಳದ ಮೇಲೆ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೇ ಎಂಟೂ ವೈರ್ ಚುಚ್ಚಿದೆ.

ಕೀ ತಿರುಗಿಸಿದರೆ ಢಮ್ ಅಂತು. ಕಾರ್ಬುರೇಟರ್ ಬಾಯಿಂದ ಬೆಂಕಿ ಬಂದು ಏರ್ ಫಿಲ್ಟರಿನ ಕಾಗದ ಸುಟ್ಟಿತು. ಪಕ್ಕದ ಮನೆಯ ನಾಯಿ ಆಮೇಲೆ ಎರಡು ದಿನ ಬೇಲಿಯ ಕಡೆ ಸುಳಿಯಲಿಲ್ಲ. ಟೈಮಿಂಗ್ ಹಿಂದೆ ಮುಂದೆ ಮಾಡಿದೆ, ಪಾಯಿಂಟ್ ಬದಲಿಸಿದೆ, ಕಂಡೆನ್ಸರ್ ಬದಲಿಸಿದೆ. ಕೆಮ್ಮುತ್ತದೆ, ಸೀನುತ್ತದೆ, ಹಿಡಿಯುವುದಿಲ್ಲ. ಭಾನುವಾರ ರಾತ್ರಿ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಅಲ್ಲಿ ಬೆಳಗಿನ ಕಾಫಿ ಹೊತ್ತು.

‘ಅಲ್ಲ ಮಾರಾಯ, ಡೆಲ್ಕೋ ಯಾವ ಕಡೆಗೆ ತಿರುಗುತ್ತೆ ನೋಡಿದ್ಯಾ?’

ಊರಿನ ಗ್ಯಾರೇಜುಗಳಲ್ಲಿ ಡಿಸ್ಟ್ರಿಬ್ಯೂಟರಿಗೆ ಡೆಲ್ಕೋ ಅನ್ನುವುದೇ ವಾಡಿಕೆ. ಅದು ಒಂದು ಕಂಪನಿಯ ಹೆಸರು ಅಂತ ನನಗೆ ತಿಳಿದದ್ದೇ ಇಲ್ಲಿಗೆ ಬಂದ ಮೇಲೆ. ತಮಾಷೆ ಅಂದರೆ ಈ ಕಾರಿನಲ್ಲಿರುವುದು ನಿಜಕ್ಕೂ ಡೆಲ್ಕೋ-ರೆಮಿಯೇ. ಮುಚ್ಚಳ ತೆಗೆದು, ಮಗಳ ಕೈಲಿ ಕೀ ಕೊಟ್ಟು, ಸ್ಟಾರ್ಟರ್ ಒಂದು ಕ್ಷಣ ತಟ್ಟಿಸಿದೆ. ರೋಟರ್ ಎಡಕ್ಕೆ ತಿರುಗಿತು! ಷೆವ್ರೊಲೆಟ್‌ದು ಗಡಿಯಾರದ ದಿಕ್ಕು, ಪಾಂಟಿಯಾಕ್‌ದು ಅದಕ್ಕೆ ವಿರುದ್ಧ. ಸರದಿ ಒಂದೇ, ಸುತ್ತುವ ದಿಕ್ಕು ಬೇರೆ. ನಾನು ಚುಚ್ಚಿದ್ದ ಎಂಟು ವೈರುಗಳಲ್ಲಿ 1 ಮತ್ತು 6 ಮಾತ್ರ ಅಕಸ್ಮಾತ್ತಾಗಿ ಸರಿಯಾದ ಜಾಗದಲ್ಲಿದ್ದವು.

ಬದಲಿಸಲು ಇಪ್ಪತ್ತು ನಿಮಿಷ. ಎಂಜಿನ್ ಮಾತಾಡಿತು, ಗ್ಯಾರೇಜಿನ ಕಪಾಟಿನ ಡಬ್ಬಗಳೆಲ್ಲ ಗಡಗಡ ಅಂದವು. ಆ ಕಾಲದಲ್ಲಿ ಜಿಎಂನ ಷೆವ್ರೊಲೆಟ್, ಪಾಂಟಿಯಾಕ್, ಓಲ್ಡ್ಸ್‌ಮೊಬೀಲ್, ಬ್ಯೂಕ್, ಕ್ಯಾಡಿಲಾಕ್ ಎಲ್ಲವೂ ತಮ್ಮ ತಮ್ಮ ವಿ8 ತಾವೇ ಮಾಡಿಕೊಳ್ಳುತ್ತಿದ್ದವು. ಒಂದೇ ಮನೆ, ಐದು ಒಲೆ. ಅಜ್ಜನಿಗೆ ಹೇಳಿದೆ. ‘ಹೌದಾ? ನಂದು ಯಾವಾಗಲೂ ಷೆವಿ’ ಅಂದರು.

ಏಪ್ರಿಲ್ 19: 25 ಡಾಲರಿನ ಡಿಸ್ಕು

‘1968ರ ಪೂರ್ತಿ ಸರ್ವಿಸ್ ಮ್ಯಾನ್ಯುಯಲ್’ ಅಂತ ಬರೆದಿದ್ದ ಡಿಸ್ಕ್ ತರಿಸಿದೆ. ಲೇಬಲ್ ಮೇಲೆ 1968, ಒಳಗೆ 1966. ಮಾರಿದವರಿಗೆ ಎರಡು ಸಲ ಬರೆದೆ, ಉತ್ತರವಿಲ್ಲ. ಈಗ ಅದು ಮಗಳ ಗಿಡಕ್ಕೆ ಹಕ್ಕಿ ಬಾರದಂತೆ ದಾರದಲ್ಲಿ ನೇತಾಡುತ್ತಿದೆ.

ಮೇ 3: ಕಾಡಿಗೆ ಡಬ್ಬಿ

58 ಡಾಲರ್ ಕೊಟ್ಟು ಮರುಮುದ್ರಣದ ಪುಸ್ತಕ ಕೊಂಡೆ. ಈ ಸಲ ವರ್ಷ ಸರಿ, ಕಂಪನಿ ಸರಿ, ಅಕ್ಷರಗಳೂ ಚೆನ್ನಾಗಿವೆ. ಆದರೆ ಫೋಟೊಗಳೆಲ್ಲ ಮಸಿ. ಮೂಲ ಪುಸ್ತಕದಲ್ಲಿ ಚುಕ್ಕಿ ಚುಕ್ಕಿಯಾಗಿದ್ದ ಚಿತ್ರವನ್ನು ಮತ್ತೆ ಫೋಟೊ ತೆಗೆದು ಅಚ್ಚು ಹಾಕಿದ್ದಾರೆ. ಎಣ್ಣೆಗಪ್ಪು ಕಬ್ಬಿಣದ ಭಾಗ ಕಪ್ಪು ಹಿನ್ನೆಲೆಯಲ್ಲಿ ಕರಗಿಹೋಗಿದೆ. ಬಾಣದ ಗುರುತು ಒಂದು ಕತ್ತಲೆಯಿಂದ ಇನ್ನೊಂದು ಕತ್ತಲೆಗೆ ತೋರಿಸುತ್ತದೆ. ಕಾರ್ಬುರೇಟರಿನ ಒಂದು ಪುಟವನ್ನು ಅಪ್ಪನಿಗೆ ಕಳಿಸಿದೆ. ‘ಇದೇನು, ಕಾಡಿಗೆ ಡಬ್ಬಿಯಾ?’ ಅಂತ ಬಂತು ಉತ್ತರ.

ಮರುವಾರ ಮೂಲ ಪ್ರತಿಯೇ ಸಿಕ್ಕಿತು, 85 ಡಾಲರ್. ತೀರಿಹೋದ ಯಾರೋ ಮೆಕ್ಯಾನಿಕ್‌ನ ಮನೆ ಸಾಮಾನಿನ ಮಾರಾಟದಲ್ಲಿ ಬಂದದ್ದು. ಬೆನ್ನು ಬಿರಿದಿದೆ, ಬ್ರೇಕ್ ಭಾಗದ ಹಾಳೆಗಳಿಗೆ ಗ್ರೀಸಿನ ಹೆಬ್ಬೆಟ್ಟಿನ ಗುರುತು, ಪುಟದಂಚಿನಲ್ಲಿ ಪೆನ್ಸಿಲ್ ಟಿಪ್ಪಣಿ. ಒಂದು ಕಡೆ ಟಾರ್ಕ್ (ಬೋಲ್ಟನ್ನು ಎಷ್ಟು ಬಿಗಿ ಮಾಡಬೇಕು ಅನ್ನುವ) ಅಂಕಿಯ ಪಕ್ಕ ಮೂರು ಸಲ ಗೆರೆ ಎಳೆದಿದ್ದಾನೆ. ಅವನಿಗೂ ಅಲ್ಲೊಂದು ಬೋಲ್ಟು ಮುರಿದಿರಬೇಕು. ಫೋಟೊಗಳಲ್ಲಿ ಕ್ಲಿಪ್ ಯಾವುದು, ಅದರ ನೆರಳು ಯಾವುದು ಅಂತ ಬೇರೆ ಬೇರೆ ಕಾಣುತ್ತದೆ. ಮರುಮುದ್ರಣವನ್ನು ಈಗ ಗ್ರೀಸ್ ಕೈಯಲ್ಲಿ ಮುಟ್ಟುವ ಪ್ರತಿಯಾಗಿ ಇಟ್ಟುಕೊಂಡಿದ್ದೇನೆ. ಕೊಟ್ಟ ದುಡ್ಡಿಗೆ ಅಷ್ಟು ಸಮಾಧಾನ.

ಮೇ 17: ಹಸಿರು ಕಾರು

ಪುಕ್ಕಟೆ ಸಿಗುವುದನ್ನು ಮೊದಲು ನೋಡಬೇಕಿತ್ತು, ಕೊನೆಗೆ ನೋಡಿದೆ. ಜಿಎಂನ ಹೆರಿಟೇಜ್ ವಿಭಾಗ ಹಳೆ ಕಾರುಗಳ ಮಾಹಿತಿ ಕಟ್ಟುಗಳನ್ನು ಪಿಡಿಎಫ್ ಆಗಿ ಕಾಸಿಲ್ಲದೆ ಕೊಡುತ್ತದೆ. 1968ರ ಜಿಟಿಒದ್ದೂ ಇದೆ: ಅಳತೆಗಳು, ಎಂಜಿನ್ನುಗಳ ಪಟ್ಟಿ, ಯಾವ ಆಯ್ಕೆಗೆ ಎಷ್ಟು ಬೆಲೆ. ರಿಪೇರಿ ಹೇಗೆ ಮಾಡಬೇಕು ಅಂತ ಅದು ಹೇಳುವುದಿಲ್ಲ, ಆದರೆ ಕಾರಿನಲ್ಲಿ ಏನೇನು ಇರಬೇಕಿತ್ತು ಅಂತ ಹೇಳುತ್ತದೆ.

ನಿಮ್ಮದೇ ಕಾರಿನ ಜಾತಕ ಬೇಕೆಂದರೆ ಪಾಂಟಿಯಾಕ್‌ನವರಿಗೆ ಒಂದು ಅದೃಷ್ಟವಿದೆ. ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಅಂತ ಒಂದು ಸಂಸ್ಥೆ. 1961ರಿಂದ 1986ರವರೆಗಿನ ಕಾರುಗಳ ಬಿಲ್ಲಿನ ದಾಖಲೆ ಅವರ ಬಳಿ ಇದೆ. ಹಣ ಕಟ್ಟಿ ಚಾಸಿ ನಂಬರ್ ಕೊಟ್ಟರೆ ಪ್ರತಿ ಕಳಿಸುತ್ತಾರೆ. ಷೆವ್ರೊಲೆಟ್ ಇಟ್ಟುಕೊಂಡವರು ಪೆಟ್ರೋಲ್ ಟ್ಯಾಂಕಿನ ಮೇಲೆ, ಸೀಟಿನ ಸ್ಪ್ರಿಂಗುಗಳ ಒಳಗೆ ಕಾರ್ಖಾನೆಯವರು ಬಿಟ್ಟ ಬಿಲ್ಡ್ ಶೀಟ್ ಇಲಿ ತಿನ್ನದೆ ಉಳಿದಿದೆಯಾ ಅಂತ ಟಾರ್ಚ್ ಹಿಡಿದು ಹುಡುಕುತ್ತಾರೆ.

ಕಾಗದ ಬಂತು. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹೌದು. ನಡುವಿನ ಕನ್ಸೋಲ್ ಹೌದು. ಮುಚ್ಚಿಕೊಳ್ಳುವ ಹೆಡ್‌ಲೈಟ್ ಹೌದು. ಬಣ್ಣ ವರ್ಡೋರೊ ಗ್ರೀನ್! ಬಾನೆಟ್ಟಿನ ಹಿಂದೆ, ವೈಪರ್ ಕೆಳಗಿನ ತಗಡು ಉಜ್ಜಿ ನೋಡಿದೆ. ಬಣ್ಣದ ಜಾಗದಲ್ಲಿ ಕ್ಯೂ ಅಕ್ಷರ, ಹಸಿರೇ. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದರೆ ಒಂದು ಕಂಬಿಯ ಹಿಂದೆ ಅಂಗೈಯಷ್ಟು ಕಡುಹಸಿರು ಉಳಿದಿತ್ತು. ಹೆಂಡತಿ ಅದನ್ನು ನೋಡಿ, ‘ಇಷ್ಟು ಚೆನ್ನಾಗಿರೋದಕ್ಕೆ ಯಾರು ರಕ್ತ ಬಳಿದಿದ್ದು?’ ಅಂದಳು.

ಮೇ 24ರಿಂದ ಜೂನ್ 7: ಮೂರು ಒಗಟು

ಸರಿಯಾದ ಪುಸ್ತಕ ಕೈಯಲ್ಲಿದೆ, ಇನ್ನು ಯಾವನಿಗೆ ಹೆದರಬೇಕು ಅಂತ ಶುರು ಮಾಡಿದೆ. ಆಗ ಸಾಲಾಗಿ ಮೂರು ಎಡವಟ್ಟು.

ಮೊದಲನೆಯದು ವಾಟರ್ ಪಂಪ್. ಸೋರುತ್ತಿತ್ತು. 1968ರ ಪಂಪ್ 95 ಡಾಲರ್ ಕೊಟ್ಟು ತರಿಸಿದೆ. ಅದರ ತೂತು ಎಂಟು ಬೋಲ್ಟಿನವು; ನನ್ನ ಎಂಜಿನ್ ಮೇಲೆ ಎಣಿಸಿದರೆ ಹನ್ನೊಂದು. ತಪ್ಪು ಸಾಮಾನು ಕಳಿಸಿದ್ದೀರಿ ಅಂತ ಅಂಗಡಿಯವರ ಮೇಲೆ ಫೋನಿನಲ್ಲಿ ಹರಿಹಾಯ್ದೆ. ಪಾಪ, ಅವರು ಇನ್ನೊಂದು ಕಳಿಸಿದರು. ಅದೂ ಎಂಟು.

ಎರಡನೆಯದು ಕಾರ್ಬುರೇಟರ್. ರೋಚೆಸ್ಟರ್ ಕ್ವಾಡ್ರಾಜೆಟ್‌ಗೆ 1968ರ ರಿಪೇರಿ ಕಿಟ್ 45 ಡಾಲರ್. ಒಳಗಿನ ಗ್ಯಾಸ್ಕೆಟ್ ಇಟ್ಟು ನೋಡಿದರೆ ಒಂದು ತೂತು ಮುಚ್ಚಿಹೋಗುತ್ತದೆ. ಕತ್ತರಿ ತೆಗೆದುಕೊಂಡು ತೂತು ಮಾಡಲು ಹೊರಟೆ. ದೇವರು ದೊಡ್ಡವನು, ಅಷ್ಟರಲ್ಲಿ ಊಟಕ್ಕೆ ಕರೆ ಬಂತು.

ಮೂರನೆಯದೇ ದೊಡ್ಡದು. ಜೂನ್ 7ರಂದು ಕಂಪ್ರೆಷನ್ ಪರೀಕ್ಷೆ ಮಾಡಿದೆ, ಅಂದರೆ ಪ್ರತಿ ಸಿಲಿಂಡರಿನೊಳಗೆ ಎಷ್ಟು ಒತ್ತಡ ಏರುತ್ತದೆ ಅಂತ ಅಳೆಯುವುದು. ಎಂಟೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು, ಗೇಜ್ ಹಾಕಿ ಒಂದೊಂದಕ್ಕೆ ಐದು ಸುತ್ತು. 142ರಿಂದ 150 ಪೌಂಡ್ ಒಳಗೆ ಎಂಟೂ. ಪುಸ್ತಕದ ಪ್ರಕಾರ ಈ ಎಂಜಿನ್ನಿನ ಕಂಪ್ರೆಷನ್ ಅನುಪಾತ 10.75ಕ್ಕೆ 1. ಅಂಥದ್ದು ಇದಕ್ಕಿಂತ ಎಷ್ಟೋ ಮೇಲೆ ತೋರಿಸಬೇಕು. ಪಿಸ್ಟನ್ ರಿಂಗ್ ಸವೆದುಹೋಗಿದೆ ಅಂದುಕೊಂಡೆ. ಎಂಜಿನ್ ಇಳಿಸಿ, ಬೋರ್ ಮಾಡಿಸಿ, ರಿಂಗ್ ಹಾಕಿಸಲು ಒಂದು ಮೆಷಿನ್ ಶಾಪ್‌ನಲ್ಲಿ ಕೇಳಿದೆ. ಅಂದಾಜು 3,800 ಡಾಲರ್. ಕ್ರೇನ್ ಬಾಡಿಗೆಗೆ ಮುಂಗಡವನ್ನೂ ಕೊಟ್ಟೆ.

ಕೌಂಟರಿನಲ್ಲಿದ್ದ ಹಿರಿಯರು ನನ್ನ ಚೀಟಿಯ ಎಂಟು ಅಂಕಿ ನೋಡಿ, ‘ಎಂಟೂ ಒಂದೇ ಥರ ಸವೆಯುವುದು ಕಷ್ಟ. ಹೆಡ್ ಮೇಲೆ ಏನು ನಂಬರ್ ಇದೆ?’ ಅಂದರು. ನೋಡಿರಲಿಲ್ಲ.

ಜೂನ್ 8: ನಂಬರುಗಳು ಬಾಯಿ ಬಿಟ್ಟವು

ಬೇಕಾದದ್ದು: ವೈರ್ ಬ್ರಷ್, ಬ್ರೇಕ್ ಕ್ಲೀನರ್ ಒಂದು ಡಬ್ಬ, ಉದ್ದ ಹಿಡಿಯ ಪುಟ್ಟ ಕನ್ನಡಿ, ಫೋನು, ತಾಳ್ಮೆ. ಸಮಯ ಎರಡೂವರೆ ಗಂಟೆ.

ಹೆಡ್ ಅಂದರೆ ಸಿಲಿಂಡರುಗಳನ್ನು ಮೇಲಿಂದ ಮುಚ್ಚುವ ಭಾಗ. ಪಾಂಟಿಯಾಕ್ ಹೆಡ್ಡಿನ ಗುರುತು ನಡುವಿನ ಎಗ್ಸಾಸ್ಟ್ ಪೋರ್ಟುಗಳ ಮೇಲೆ ಎರಕದಲ್ಲೇ ಇರುತ್ತದೆ. 1968ರ 350 ಅಶ್ವಶಕ್ತಿಯದ್ದಾದರೆ 16 ಅಂತಿರಬೇಕು. ಜಿಡ್ಡು ಕೆರೆದ ಮೇಲೆ ಮೂಡಿದ್ದು 7ಕೆ3. ಅದು 1972ರ ಹೆಡ್ಡು.

ಹೆಡ್ ಮಾತ್ರ ಬದಲಾಗಿರಬಹುದಲ್ಲ ಅಂತ ಬ್ಲಾಕಿಗೆ ಹೋದೆ. ಎರಕದ ನಂಬರ್ ಬ್ಲಾಕಿನ ಹಿಂಬದಿಯಲ್ಲಿ, ಬಲಗಡೆ, 8ನೇ ಸಿಲಿಂಡರಿನ ಹತ್ತಿರ. ಫೈರ್‌ವಾಲಿಗೂ ಎಂಜಿನ್ನಿಗೂ ನಡುವೆ ನಾಲ್ಕು ಬೆರಳು ಸಂದಿ. ಕಣ್ಣು ಹೋಗುವುದಿಲ್ಲ, ಫೋನ್ ಹೋಗುತ್ತದೆ. ಹದಿನೇಳು ಮಸುಕು ಫೋಟೊ ಆದ ಮೇಲೆ ಹದಿನೆಂಟನೆಯದರಲ್ಲಿ ಓದಲು ಬಂತು: 481988. 1968ರ 400 ಬ್ಲಾಕ್ ಆಗಿದ್ದರೆ 9790071 ಇರಬೇಕಿತ್ತು. ಡಿಸ್ಟ್ರಿಬ್ಯೂಟರ್ ಹತ್ತಿರದ ಎರಕದ ತಾರೀಖು ಬಿ092. ಅಕ್ಷರ ತಿಂಗಳು, ನಡುವೆ ದಿನ, ಕೊನೆಗೆ ವರ್ಷದ ಕೊನೆಯ ಅಂಕಿ. ಅಂದರೆ 1972ರ ಫೆಬ್ರವರಿ 9. ಈ ಎಂಜಿನ್ ಅಚ್ಚಿನಿಂದ ಹೊರಬಂದಾಗ ನನ್ನ ಕಾರಿಗೆ ನಾಲ್ಕು ವರ್ಷ ತುಂಬುತ್ತಿತ್ತು.

ಹಾಗಾದರೆ ವೈಎಸ್? ಪಾಂಟಿಯಾಕ್‌ನವರು ಅದೇ ಎರಡಕ್ಷರವನ್ನು ಬೇರೆ ಬೇರೆ ವರ್ಷಗಳಲ್ಲಿ ಮತ್ತೆ ಮತ್ತೆ ಬಳಸಿದ್ದಾರೆ. 1972ರ ಆಟೋಮ್ಯಾಟಿಕ್ 400ಕ್ಕೂ ವೈಎಸ್. 1968ರಿಂದ ಚಾಸಿ ನಂಬರಿನ ಕೊನೆಯ ಭಾಗವನ್ನೂ ಬ್ಲಾಕಿನ ಮುಂದೆ ಗುದ್ದುತ್ತಿದ್ದರು. ಅದನ್ನು ಮಾರ್ಚ್ 22ರಂದೇ ಕೆರೆದು ನೋಡಿದ್ದರೆ ಐದು ನಿಮಿಷದ ಕೆಲಸ. ಕೆರೆದೆ, ನನ್ನ ಕಾರಿನದ್ದಲ್ಲ. ಮಾರಿದವರು ಬೇಕೆಂದೇ ಸುಳ್ಳು ಹೇಳಿದರು ಅಂತ ನನಗನಿಸುವುದಿಲ್ಲ, ನನ್ನಂತೆಯೇ ಅವರೂ ಎರಡಕ್ಷರ ನೋಡಿ ಖುಷಿಪಟ್ಟಿರಬೇಕು. ಆದರೂ ಬೆಲೆಯಲ್ಲಿ ಎರಡು ಸಾವಿರವಾದರೂ ಇಳಿಸಬಹುದಿತ್ತು ಅಂತ ಹೊಟ್ಟೆ ಉರಿಯುವುದು ನಿಂತಿಲ್ಲ.

ಮೂರೂ ಒಗಟು ಒಂದೇ ಏಟಿಗೆ ಬಿಡಿಸಿಕೊಂಡವು. 1968ರವರೆಗೆ ಪಂಪಿಗೆ ಎಂಟು ಬೋಲ್ಟು, 1969ರಿಂದ ಹನ್ನೊಂದು. ಕಾರ್ಬುರೇಟರಿನ ಮೈಮೇಲಿನ ನಂಬರ್ 7042 ಅಂತ ಶುರುವಾಗುತ್ತದೆ, 1972ರದ್ದು, 1968ರದ್ದಾದರೆ 7028. ಇನ್ನು ಕಂಪ್ರೆಷನ್? 1971ರಲ್ಲಿ ಜಿಎಂ, ಸೀಸ ಕಡಿಮೆಯಿರುವ ಪೆಟ್ರೋಲಿಗೆ ಹೊಂದಲೆಂದು ತನ್ನೆಲ್ಲ ಎಂಜಿನ್ನುಗಳ ಕಂಪ್ರೆಷನ್ ಇಳಿಸಿತ್ತು. 1972ರ ಈ 400ರದ್ದು 8.2ಕ್ಕೆ 1. ಹಾಗೆ ನೋಡಿದರೆ ನನ್ನ ಎಂಟೂ ಅಂಕಿ ಆರೋಗ್ಯವಂತನವು. ಗಟ್ಟಿಮುಟ್ಟಾದ ಎಂಜಿನ್ನನ್ನು ಇಳಿಸಿ ಕೊಯ್ಯಲು ಹೊರಟಿದ್ದೆ, ಅದೂ ಸರಿಯಾದ ವರ್ಷದ ಪುಸ್ತಕ ಓದಿ.

ಕ್ರೇನ್ ಮುಂಗಡ 40 ಡಾಲರ್ ವಾಪಸ್ ಬರಲಿಲ್ಲ. ಬಿಡಿಭಾಗದ ಅಂಗಡಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಎರಡೂ ಪಂಪ್ ಹಿಂದಿರುಗಿಸಲು ಕೈಯಿಂದ 38 ಡಾಲರ್ ಹೋಯಿತು. ಕಿಟ್ ಪೊಟ್ಟಣ ಒಡೆದಿದ್ದರಿಂದ 45 ಪೂರಾ ಹೋಯಿತು.

ಜೂನ್ 21ರಿಂದ ಜುಲೈ 4: 1972ರ ಪುಸ್ತಕ

ಮೂಲ ಪ್ರತಿ, 40 ಡಾಲರ್. 1968ರದ್ದಕ್ಕಿಂತ ಅಗ್ಗ, ಕೇಳುವವರು ಕಡಿಮೆ. ಗ್ಯಾರೇಜಿನ ಕಪಾಟಿನಲ್ಲಿ ಈಗ ಎರಡು ಪಟ್ಟಿ ಅಂಟಿಸಿದ್ದೇನೆ, ಮಾರ್ಕರಿನಲ್ಲಿ ಕನ್ನಡದಲ್ಲೇ: ‘ಎಂಜಿನ್ – 72’, ‘ಮಿಕ್ಕಿದ್ದೆಲ್ಲ – 68’.

ಹನ್ನೊಂದು ಬೋಲ್ಟಿನ ಪಂಪ್ 88 ಡಾಲರ್. ಹಳೆಯದು ಬಿಚ್ಚುವಾಗ ಹತ್ತು ಬೋಲ್ಟು ಮಾತು ಕೇಳಿದವು, ಹನ್ನೊಂದನೆಯದು ತಲೆ ಕಳಚಿಕೊಂಡು ಕೈಗೆ ಬಂತು. ಪಾಂಟಿಯಾಕ್‌ನ ಟೈಮಿಂಗ್ ಕವರ್ ಅಲ್ಯೂಮಿನಿಯಂ. ಕಬ್ಬಿಣದ ಬೋಲ್ಟು ಅದರೊಳಗೆ ಐವತ್ತು ವರ್ಷ ಕೂತು ಒಂದಾಗಿಬಿಟ್ಟಿತ್ತು. ಎಣ್ಣೆ ಹಾಕಿ ಒಂದು ಸಂಜೆ ಬಿಟ್ಟೆ. ಬಿಸಿ ಮಾಡಿದೆ. ವೈಸ್ ಗ್ರಿಪ್ ಜಾರಿ ಗೆಣ್ಣು ಸುಲಿಯಿತು. ಮೂರನೇ ಸಂಜೆ ಎಡಕ್ಕೆ ತಿರುಗುವ ಡ್ರಿಲ್ ಬಿಟ್ ತಂದು ಕೊರೆದರೆ, ಅರ್ಧ ಕೊರೆಯುವಷ್ಟರಲ್ಲಿ ತಾನೇ ತಿರುಗಿ ಹೊರಬಂತು. ಆ ಬಿಟ್ ಮೊದಲ ದಿನವೇ ತರಬೇಕಿತ್ತು, 12 ಡಾಲರ್.

ಪಂಪಿನ ಹಿಂದೆ ತೆಳು ತಗಡಿನ ಪ್ಲೇಟೊಂದು ಇತ್ತು, ಅಂಚೆಲ್ಲ ತುಕ್ಕು ತಿಂದು ಜಾಲರಿಯಾಗಿತ್ತು. ಗ್ಯಾಸ್ಕೆಟ್ ಜೊತೆ ಅಂಟಿಕೊಂಡ ಕಸ ಅಂತ ಬಿಸಾಡುವವನೇ ಇದ್ದೆ. ಪುಸ್ತಕದ ಚಿತ್ರದಲ್ಲಿ ಅದಕ್ಕೆ ಹೆಸರಿದೆ, ಡಿವೈಡರ್ ಪ್ಲೇಟ್. ರೇಡಿಯೇಟರಿನಿಂದ ಬಂದ ತಣ್ಣೀರನ್ನು ಎಂಜಿನ್ನಿನಿಂದ ಮರಳುವ ಬಿಸಿನೀರಿನ ದಾರಿಯಿಂದ ಬೇರೆ ಇಡುವುದು ಅದರ ಕೆಲಸ. ಅದಿಲ್ಲದಿದ್ದರೆ, ಅಥವಾ ಪಂಪಿನ ರೆಕ್ಕೆಗೂ ಅದಕ್ಕೂ ಸಂದಿ ಹೆಚ್ಚಾದರೆ, ನೀರು ಅಲ್ಲೇ ಗಿರಕಿ ಹೊಡೆಯುತ್ತದೆ, ಎಂಜಿನ್ ಕುದಿಯುತ್ತದೆ. ಹೊಸ ಪ್ಲೇಟು 30 ಡಾಲರ್. ಹಳೆ ಪಾಂಟಿಯಾಕ್ ಕೈಗಳ ಒಂದು ಉಪಾಯವನ್ನೂ ಮಾಡಿದೆ: ಪ್ಲೇಟನ್ನು ಮರದ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು ರೆಕ್ಕೆಯ ಹತ್ತಿರಕ್ಕೆ ತರುವುದು, ಪಂಪನ್ನು ಕೈಯಲ್ಲಿ ತಿರುಗಿಸಿ ಉಜ್ಜುವ ಸದ್ದು ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು. ನಾಲ್ಕು ಸಲ ಬಡಿದೆ, ಒಮ್ಮೆ ಜಾಸ್ತಿಯಾಗಿ ಉಜ್ಜಿತು, ವಾಪಸ್ ಬಗ್ಗಿಸಿದೆ.

ವಾಲ್ವ್ ಕವರಿನ ಗ್ಯಾಸ್ಕೆಟ್ ಬದಲಿಸುವಾಗ ಹಳೆ ಚಾಳಿ ಮತ್ತೆ ತಲೆ ಎತ್ತಿತ್ತು. ಸ್ವಾಪ್ ಮೀಟ್ ಪುಸ್ತಕದ ಷೆವ್ರೊಲೆಟ್ ಪುಟದಂತೆ ರಾಕರ್ (ವಾಲ್ವ್ ಒತ್ತುವ ತೋಳು) ನಟ್ಟನ್ನು ಸಡಿಲ ಹೋಗುವವರೆಗೆ ತಿರುಗಿಸಿ, ಆಮೇಲೆ ಮುಕ್ಕಾಲು ಸುತ್ತು ಅಂತ ಶುರು ಮಾಡಿದ್ದೆ. 1972ರ ಪುಸ್ತಕ ತೆರೆದರೆ ಹೊಂದಿಸುವ ಮಾತೇ ಇಲ್ಲ. 20 ಅಡಿ-ಪೌಂಡ್ ಟಾರ್ಕಿಗೆ ಬಿಗಿ ಮಾಡು, ಮುಗಿಯಿತು. ಸ್ಟಡ್ಡಿನ ಭುಜಕ್ಕೆ ನಟ್ಟು ಕೂತರೆ ಅದೇ ಅಳತೆ. ಮೂರು ನಟ್ಟು ಸಡಿಲ ಮಾಡಿದ್ದನ್ನು ಮತ್ತೆ ಬಿಗಿ ಮಾಡಿ, ಸ್ವಾಪ್ ಮೀಟ್ ಪುಸ್ತಕವನ್ನು ಅಟ್ಟಕ್ಕೆ ಹಾಕಿದೆ.

ಜುಲೈ 19: ಒಂದು ಕಣ್ಣು

ಹೆಡ್‌ಲೈಟ್ ಹಾಕಿದರೆ ಬಲಗಡೆ ರೆಪ್ಪೆ ತೆರೆಯುತ್ತದೆ, ಎಡಗಡೆಯದು ಅರೆಮುಚ್ಚಿ ನಿದ್ದೆಗಣ್ಣಲ್ಲಿ ನೋಡುತ್ತದೆ. ಇದು ಎಂಜಿನ್ ಎಳೆಯುವ ನಿರ್ವಾತದಿಂದ ನಡೆಯುವ ಏರ್ಪಾಟು. ರಬ್ಬರ್ ಕೊಳವೆ, ಗಾಳಿ ಹಿಂದೆ ಬಾರದಂತೆ ಒಂದು ವಾಲ್ವು, ಒಂದು ತೊಟ್ಟಿ, ಪ್ರತಿ ಕಣ್ಣಿಗೊಂದು, ರೆಪ್ಪೆ ಎಳೆಯುವ ಆಕ್ಚುಯೇಟರ್. ಇಲ್ಲಿ 68ರ ಪುಸ್ತಕವೇ ಬೇಕು, ಕೊಳವೆಗಳ ನಕ್ಷೆ ಅದರಲ್ಲಿದೆ. ಕೈಪಂಪಿನಿಂದ ಒಂದೊಂದೇ ತುಂಡನ್ನು 15 ಇಂಚು ಪಾದರಸದವರೆಗೆ ಎಳೆದು ಐದು ನಿಮಿಷ ಬಿಟ್ಟೆ. ಕೊಳವೆ ಸರಿ, ತೊಟ್ಟಿ ಸರಿ, ಎಡ ಆಕ್ಚುಯೇಟರ್ ಹತ್ತು ಸೆಕೆಂಡಿಗೆ ಸೊನ್ನೆ. ಹೊಸದು 70 ಡಾಲರ್. ಪುಸ್ತಕ ಸರಿಯಿದ್ದಾಗ ಕೆಲಸ ಹೇಗಿರುತ್ತದೆ ಅಂತ ಅವತ್ತು ಗೊತ್ತಾಯಿತು, ಮಧ್ಯಾಹ್ನದ ಊಟದೊಳಗೆ ಮುಗಿಯಿತು.

ಆಗಸ್ಟ್: ಲೈಬ್ರರಿ, ಮತ್ತು ವುಡ್‌ವರ್ಡ್

ಡೆಟ್ರಾಯಿಟ್ ಪಬ್ಲಿಕ್ ಲೈಬ್ರರಿಯಲ್ಲಿ ನ್ಯಾಷನಲ್ ಆಟೋಮೋಟಿವ್ ಹಿಸ್ಟರಿ ಕಲೆಕ್ಷನ್ ಅಂತ ಇದೆ. ಇಷ್ಟು ವರ್ಷ ಇಲ್ಲಿದ್ದೂ ಹೋಗಿರಲಿಲ್ಲ. ಮೊದಲೇ ತಿಳಿಸಿ ಹೋದೆ, ನನ್ನ ಪ್ರತಿಯಲ್ಲಿ ಹರಿದುಹೋಗಿದ್ದ ನಾಲ್ಕು ಹಾಳೆ ಓದಲು ಸಿಕ್ಕವು. ಒಂದಿಡೀ ಮಧ್ಯಾಹ್ನ ಹೋಯಿತು, ಬೇಕಾದ್ದಕ್ಕಿಂತ ಬೇಡದ್ದನ್ನೇ ಹೆಚ್ಚು ಓದಿದೆ.

ಆಗಸ್ಟ್ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂದಲ್ಲಿ ಡ್ರೀಮ್ ಕ್ರೂಸ್. ಡೆಟ್ರಾಯಿಟಿನಿಂದ ಪಾಂಟಿಯಾಕ್ ಊರಿನವರೆಗೆ ಹೋಗುವ ರಸ್ತೆ, ನಮ್ಮ ಜಾತ್ರೆಯ ತೇರಿನ ಹಾಗೆ ಕಾರುಗಳು. ನಾನೂ ಹೋದೆ, ಕುದಿಯಲಿಲ್ಲ. ಬಾನೆಟ್ ಎತ್ತಿ ನಿಲ್ಲಿಸಿದ್ದಾಗ ಟೋಪಿ ಹಾಕಿದ ಒಬ್ಬರು ಬಗ್ಗಿ, ಎಗ್ಸಾಸ್ಟ್ ಕಡೆ ಒಂದೇ ನೋಟ ಹಾಕಿ, ‘ಎಪ್ಪತ್ತೆರಡು’ ಅಂದು ಮುಂದೆ ಹೋದರು. ನನಗೆ ಮೂರು ತಿಂಗಳು ಹಿಡಿದಿತ್ತು.

ಸೆಪ್ಟೆಂಬರ್ 13: ಹೊಸ್ತಿಲ ಮೇಲಿನ ಬರಹ

ಡ್ರೈವರ್ ಕಡೆಯ ಗಾಜು. 68ರ ಸರ್ವಿಸ್ ಪುಸ್ತಕದಲ್ಲಿ ಕಿಟಕಿ ಯಂತ್ರದ ಪುಟ ಹುಡುಕಿದೆ. ಸ್ಟೀರಿಂಗ್ ಇದೆ, ಬ್ರೇಕ್ ಇದೆ, ಹಿಂದಿನ ಆಕ್ಸಲ್ ಇದೆ, ಬಾಗಿಲೊಳಗಿನದು ಏನೂ ಇಲ್ಲ. ಹಾಳೆ ಹರಿದಿದೆಯೇನೋ ಅಂತ ಪುಟಸಂಖ್ಯೆ ಎಣಿಸಿದೆ, ಎಲ್ಲವೂ ಇದೆ. ಬೇಸತ್ತು ಬಾಗಿಲು ತೆರೆದು ಕೂತಾಗ ಕಾಲಡಿಯ ಅಲ್ಯೂಮಿನಿಯಂ ಪಟ್ಟಿ ಕಣ್ಣಿಗೆ ಬಿತ್ತು. ಸವೆದುಹೋದ ಪುಟ್ಟ ಸಾರೋಟಿನ ಚಿತ್ರ, ಪಕ್ಕದಲ್ಲಿ ‘ಬಾಡಿ ಬೈ ಫಿಷರ್’. ಆರು ತಿಂಗಳಿಂದ ಅದನ್ನು ತುಳಿದುಕೊಂಡೇ ಓಡಾಡಿದ್ದೆ.

ಜಿಎಂ ಕಾರುಗಳ ಬಾಡಿ ಮಾಡುತ್ತಿದ್ದದ್ದು ಅದರದೇ ಫಿಷರ್ ಬಾಡಿ ವಿಭಾಗ. ಬಾಗಿಲು, ಗಾಜು, ಸೀಟು, ನೀರು ಸೋರುವ ಸಂದಿಗಳು ಎಲ್ಲ ಅವರ ಬಾಬತ್ತು. ಅದಕ್ಕೆ ಅವರದೇ ಬೇರೆ ಪುಸ್ತಕ. 1968ರ ಫಿಷರ್ ಬಾಡಿ ಮ್ಯಾನ್ಯುಯಲ್ ಮರುಮುದ್ರಣ, 65 ಡಾಲರ್. ಈ ಸಲ ಕೊಳ್ಳುವ ಮೊದಲು ಮಾರುವವರಿಂದ ಎರಡು ಪುಟದ ಫೋಟೊ ತರಿಸಿ, ಚಿತ್ರ ಮಸಿಯಾಗಿಲ್ಲ ಅಂತ ನೋಡಿಕೊಂಡೆ. ಇದರಲ್ಲಿ ಹೆಚ್ಚಿನವು ಗೆರೆಚಿತ್ರ, ಹಾಗಾಗಿ ಅಚ್ಚು ಸ್ಪಷ್ಟ.

ಇವತ್ತು ಶುರು ಮಾಡುವುದಾಗಿದ್ದರೆ ಮೊದಲ ಶನಿವಾರ ಒಂದು ರೂಪಾಯಿ ಖರ್ಚಿಲ್ಲದೆ ಕಾರಿನ ಮೈಮೇಲಿನ ನಂಬರುಗಳನ್ನೆಲ್ಲ ಕೆರೆದು, ಫೋಟೊ ತೆಗೆದು, ಹಾಳೆಯಲ್ಲಿ ಬರೆಯುತ್ತಿದ್ದೆ: ಚಾಸಿ, ಬಾಡಿ ತಗಡು, ಬ್ಲಾಕಿನ ಎರಕ, ಅದರ ತಾರೀಖು, ಹೆಡ್, ಕಾರ್ಬುರೇಟರ್. ಪುಸ್ತಕದಂಗಡಿಯ ಮಾತು ಆಮೇಲೆ. ಗೇರ್‌ಬಾಕ್ಸಿನ ನಂಬರ್ ಇನ್ನೂ ನೋಡಿಲ್ಲ, ಕಾರಿನಡಿ ಮಲಗಲು ಧೈರ್ಯ ಸಾಲುತ್ತಿಲ್ಲ. ಅದು ಮೂರನೇ ವರ್ಷದ್ದಾಗಿದ್ದರೆ ಕಪಾಟಿಗೆ ಇನ್ನೊಂದು ಪಟ್ಟಿ ಅಂಟಿಸಬೇಕಾಗುತ್ತದೆ.

ನವೆಂಬರ್ 15: ಇವತ್ತಿನ ಸ್ಥಿತಿ

ಬಾಗಿಲಿನ ಒಳಹೊದಿಕೆ ತೆಗೆದಾಗಿದೆ. ಗಾಜು ಎತ್ತುವ ತೋಳಿನ ತುದಿಯ ಪುಟ್ಟ ರೋಲರ್ ಎರಡು ಹೋಳಾಗಿ ಬಾಗಿಲಿನ ತಳದಲ್ಲಿ ಬಿದ್ದಿತ್ತು, ಜೊತೆಗೆ 1974ರ ಒಂದು ಸೆಂಟ್ ನಾಣ್ಯ. ರೋಲರ್ ಜೋಡಿ 14 ಡಾಲರ್, ಹಾಕಿಯಾಯಿತು. ಈಗ ಗಾಜು ಮೇಲೆ ಬರುತ್ತದೆ, ಆದರೆ ಹಿಂದಿನ ಮೂಲೆ ಛಾವಣಿಯ ರಬ್ಬರಿಗೆ ಅರ್ಧ ಇಂಚು ಮೊದಲೇ ಒತ್ತಿ ನಿಲ್ಲುತ್ತದೆ. ಹಾರ್ಡ್‌ಟಾಪಿಗೆ ನಡುವೆ ಕಂಬವಿಲ್ಲವಲ್ಲ, ಗಾಜು ಹಿಡಿದುಕೊಳ್ಳಲು ಚೌಕಟ್ಟೇ ಇಲ್ಲ. ಗೈಡುಗಳ ಬೋಲ್ಟು ಒಂದೊಂದಾಗಿ ಸಡಿಲಿಸಿ ಹೊಂದಿಸಬೇಕು. ಹಿಂದಿನ ಗೈಡಿನ ಮೇಲಿನ ಬೋಲ್ಟು ಕಾಲು ಇಂಚು ಹೊರಕ್ಕೆ ತಂದರೆ ಗಾಳಿಯ ಸದ್ದು ಬರಬಹುದು, ತರದಿದ್ದರೆ ಗಾಜು ಏರುವುದಿಲ್ಲ. ನಾಳೆ ಮೊದಲು ಅದರ ಈಗಿನ ಜಾಗಕ್ಕೆ ಬಿಳಿ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು ಆಮೇಲೆ ಸ್ಪ್ಯಾನರ್ ಹಾಕುವುದು. ಫಿಷರ್ ಪುಸ್ತಕ ಆ ಪುಟಕ್ಕೇ ತೆರೆದು ಪಕ್ಕದ ಸೀಟಿನ ಮೇಲೆ ಬೋರಲು ಹಾಕಿದ್ದೇನೆ. ಗ್ಯಾರೇಜಿನಲ್ಲಿ ಚಳಿ, ಬೆರಳು ಮರಗಟ್ಟುತ್ತಿದೆ.